ಏಣಿ ಒಂದೇ, ಹತ್ತುವ ವೇಗ ಬೇರೆ: ನಲಿ-ಕಲಿ ತರಗತಿಯ ಒಂದು ಪ್ರಕರಣ ಅಧ್ಯಯನ

ಒಂದೇ ಕೊಠಡಿ. ಒಬ್ಬರೇ ಶಿಕ್ಷಕಿ. 1, 2, 3ನೇ ತರಗತಿಯ ಮಕ್ಕಳೆಲ್ಲ ಅಲ್ಲೇ. ಕರ್ನಾಟಕದ ಸಣ್ಣ ಊರುಗಳ ಸರ್ಕಾರಿ ಶಾಲೆಗಳನ್ನು ಬಲ್ಲವರಿಗೆ ಇದು ಹೊಸ ನೋಟವಲ್ಲ. ಇಂಥ ಕೊಠಡಿಯಲ್ಲಿ ಎಲ್ಲರಿಗೂ ಒಂದೇ ಪುಟ ತೆರೆಯಲು ಹೇಳಿದರೆ ಕೆಲವರಿಗೆ ಅದು ಆಗಲೇ ಬಾಯಿಪಾಠವಾಗಿರುತ್ತದೆ, ಕೆಲವರಿಗೆ ಅದರಲ್ಲಿ ಒಂದಕ್ಷರವೂ ಹತ್ತುವುದಿಲ್ಲ. ಎರಡೂ ಬಗೆಯ ಮಕ್ಕಳು ಮಾಡುವುದು ಒಂದೇ ಕೆಲಸ: ಕಿಟಕಿ ನೋಡುವುದು.

ಈ ಸ್ಥಿತಿಗೆ ನಮ್ಮ ರಾಜ್ಯ ಕಂಡುಕೊಂಡ ಉತ್ತರ ನಲಿ-ಕಲಿ: ಪ್ರತಿ ಮಗುವೂ ಕಾರ್ಡ್ ಹಿಡಿದು ತನ್ನದೇ ವೇಗದಲ್ಲಿ ಕಲಿಯುವ ವಿಧಾನ. ಸ್ವವೇಗದ ಕಲಿಕೆ ಎಂದರೇನು, ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ತಿಳಿಯಲು ನಮಗೆ ಇದಕ್ಕಿಂತ ಹತ್ತಿರದ ಪ್ರಕರಣ ಬೇರೆ ಇಲ್ಲ.

ಎಲ್ಲಿಂದ ಬಂತು

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲಿ ಸಮೀಪದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ರಾವ್ ದಂಪತಿ ಪಠ್ಯಪುಸ್ತಕವನ್ನು ಬಿಚ್ಚಿ ಸಣ್ಣ ಸಣ್ಣ ಕಾರ್ಡ್‌ಗಳನ್ನಾಗಿ ಮಾಡಿ, ಅವನ್ನು ಒಂದು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ್ದರು. ಕೋಟೆಯ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ಅದನ್ನು ತಮ್ಮ ತಾಲ್ಲೂಕಿಗೆ ತಂದರು. ತಂದದ್ದು ವಿಧಾನವನ್ನು. ಕಾರ್ಡ್, ಹಾಡು, ಆಟಗಳನ್ನು ಕನ್ನಡದಲ್ಲಿ ತಾವೇ ಕೂತು ಕಟ್ಟಿದರು. 2009-10ರಲ್ಲಿ ನಲಿ-ಕಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ಬಂತು. ಮರುವರ್ಷ 3ನೇ ತರಗತಿಯೂ ಸೇರಿತು.

ತಾಲ್ಲೂಕನ್ನು ಸುಮ್ಮನೆ ಹೆಸರಿಸುತ್ತಿಲ್ಲ. ಕಬಿನಿ ಹಿನ್ನೀರು, ನಾಗರಹೊಳೆ ಕಾಡಂಚಿನ ಈ ಸೀಮೆಯಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಮನೆಗಳ ಮಕ್ಕಳಿದ್ದಾರೆ. ಇವರಲ್ಲಿ ಹಲವರ ಮನೆಮಾತು ಪುಸ್ತಕದ ಕನ್ನಡವಲ್ಲ. ಕಾಫಿ ಕೊಯ್ಲಿನ ಹೊತ್ತಿಗೆ ಕೆಲವು ಕುಟುಂಬಗಳು ಕೊಡಗಿನ ತೋಟಗಳಿಗೆ ಹೋಗುತ್ತವೆ, ಜೊತೆಗೆ ಮಕ್ಕಳೂ. ಮೂರು ವಾರ ಬಿಟ್ಟು ಬಂದ ಮಗುವಿಗೆ ಪಠ್ಯಪುಸ್ತಕದ ತರಗತಿಯಲ್ಲಿ ಜಾಗವಿಲ್ಲ. ಪಾಠ ಮುಂದೆ ಹೋಗಿರುತ್ತದೆ. ಏಣಿಯಲ್ಲಿ ಹಾಗಲ್ಲ. ಮಗು ಬಿಟ್ಟ ಮೆಟ್ಟಿಲು ಅಲ್ಲೇ ಇರುತ್ತದೆ. ನಮ್ಮ ಮಟ್ಟಿಗೆ ಈ ವಿಧಾನದ ಅತಿ ದೊಡ್ಡ ಬಲ ಇದೇ, ಹಾಡು-ಕುಣಿತ ಆಮೇಲಿನದು.

ಕೊಠಡಿಯಲ್ಲಿ ಏನೇನಿರುತ್ತದೆ

ಕಲಿಕಾ ಏಣಿ ಗೋಡೆಯ ಮೇಲೆ, ಮಗುವಿನ ಕಣ್ಣಿನ ಎತ್ತರಕ್ಕೆ ಇರಬೇಕು. ಏಣಿ ಮೈಲಿಗಲ್ಲುಗಳಾಗಿ ಒಡೆದಿರುತ್ತದೆ. ಒಂದೊಂದು ಮೈಲಿಗಲ್ಲಿನೊಳಗೆ ಒಂದಷ್ಟು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಮಗು ಗುರುತಿಸಬಲ್ಲ ಒಂದು ಚಿತ್ರ (ಇದನ್ನೇ ಲೋಗೋ ಎನ್ನುತ್ತಾರೆ) ಮತ್ತು ಒಂದು ಸಂಖ್ಯೆ. ಅದೇ ಲೋಗೋ, ಅದೇ ಸಂಖ್ಯೆ ಕಾರ್ಡಿನ ಮೇಲೂ ಇರುತ್ತದೆ, ಕಾರ್ಡ್ ಇಡುವ ಟ್ರೇ ಮೇಲೂ ಇರುತ್ತದೆ. ಯಾವ ಲೋಗೋದವರು ಯಾವ ಗುಂಪಿನಲ್ಲಿ ಕೂರಬೇಕು ಎಂದು ಗುಂಪು ತಟ್ಟೆ ಹೇಳುತ್ತದೆ. ಗೋಡೆಯ ಕೆಳಭಾಗದಲ್ಲಿ ಸುತ್ತಲೂ ಕಪ್ಪುಹಲಗೆ, ಒಬ್ಬೊಬ್ಬ ಮಗುವಿಗೆ ಒಂದೊಂದು ಪಾಲು. ಮೇಲೆ ದಾರಗಳ ಚಪ್ಪರ, ಅದರಲ್ಲಿ ಮಕ್ಕಳ ಚಿತ್ರ, ಬರಹ. ಪಕ್ಕದಲ್ಲಿ ಪ್ರತಿ ಮಗುವಿನ ಹೆಸರಿರುವ ಪ್ರಗತಿ ನೋಟ.

ಗುಂಪುಗಳು ಐದು: ಶಿಕ್ಷಕರ ಸಂಪೂರ್ಣ ಬೆಂಬಲದ್ದು, ಶಿಕ್ಷಕರ ಭಾಗಶಃ ಬೆಂಬಲದ್ದು, ಸಹಪಾಠಿಗಳ ಸಂಪೂರ್ಣ ಬೆಂಬಲದ್ದು, ಸಹಪಾಠಿಗಳ ಭಾಗಶಃ ಬೆಂಬಲದ್ದು, ಮತ್ತು ಸ್ವಕಲಿಕೆಯದು. ಮಗು ಹೊಸದನ್ನು ಮೊದಲ ಗುಂಪಿನಲ್ಲಿ ಕಲಿತು, ಅಭ್ಯಾಸ ಮಾಡುತ್ತಾ ಆಸರೆಯನ್ನು ಒಂದೊಂದಾಗಿ ಬಿಡಿಸಿಕೊಂಡು, ಕೊನೆಗೆ ತಾನೇ ಮಾಡಿ ತೋರಿಸುವ ಜಾಗಕ್ಕೆ ಬರುತ್ತದೆ. ಗುಂಪು ಎಂದರೆ ಜಾಣರ ಗುಂಪು, ದಡ್ಡರ ಗುಂಪು ಅಲ್ಲ. ಒಂದೇ ಮಗು ಬೆಳಿಗ್ಗೆ ಕನ್ನಡದಲ್ಲಿ ಐದನೇ ಗುಂಪಿನಲ್ಲಿದ್ದು, ಮಧ್ಯಾಹ್ನ ಗಣಿತದಲ್ಲಿ ಮೊದಲನೆಯದರಲ್ಲಿರಬಹುದು. ಗುಂಪು ತಿಂಗಳುಗಟ್ಟಲೆ ಬದಲಾಗದೆ ನಿಂತಿದೆ ಎಂದರೆ ನಲಿ-ಕಲಿ ನಿಂತುಹೋಗಿ ಹಳೆಯ ಸಾಲುಬೆಂಚು ಹೊಸ ಮೇಜಿಗೆ ಬಂದು ಕೂತಿದೆ ಎಂದೇ ಅರ್ಥ.

ಅರವತ್ತು ನಿಮಿಷದ ಲೆಕ್ಕ

ಸ್ವವೇಗ ಎಂದೊಡನೆ ಎಲ್ಲರ ಕಣ್ಣು ಕಾರ್ಡಿನ ಮೇಲೆ ಹೋಗುತ್ತದೆ. ನಿಜವಾಗಿ ಹಂಚಬೇಕಾದ ಸಾಮಗ್ರಿ ಶಿಕ್ಷಕಿಯ ನಿಮಿಷಗಳು. ಲೆಕ್ಕಕ್ಕೆ 24 ಮಕ್ಕಳ ತರಗತಿ, 80 ನಿಮಿಷದ ಕನ್ನಡ ಅವಧಿ ಎಂದಿಟ್ಟುಕೊಳ್ಳೋಣ. ಹಾಡು, ಮಾತುಕತೆಗೆ ಮೊದಲ 10 ನಿಮಿಷ, ಕಾರ್ಡ್ ಜೋಡಿಸಿಟ್ಟು ಪ್ರಗತಿ ನೋಟ ತುಂಬಲು ಕೊನೆಯ 10. ಗುಂಪುಕೆಲಸಕ್ಕೆ ಉಳಿದದ್ದು 60. ಸಮನಾಗಿ ಹಂಚಿದರೆ ತಲೆಗೆ ಎರಡೂವರೆ ನಿಮಿಷ. ಅಷ್ಟರಲ್ಲಿ ಯಾರಿಗೂ ಏನೂ ಕಲಿಸಲಾಗದು.

ಹಾಗಾಗಿ ಸಮನಾಗಿ ಹಂಚಬಾರದು. ಮೊದಲ ಗುಂಪಿನಲ್ಲಿ 6 ಮಕ್ಕಳಿದ್ದರೆ ಅವರ ಜೊತೆ 24 ನಿಮಿಷ, ಅದೂ ಎರಡು ಕಂತಿನಲ್ಲಿ. ಎರಡನೇ ಗುಂಪಿಗೆ ಐದೈದು ನಿಮಿಷದ ಎರಡು ಭೇಟಿ. ಸಹಪಾಠಿ ಗುಂಪುಗಳೆರಡಕ್ಕೂ ಮೂರು ಮೂರು ನಿಮಿಷ. ಮೌಲ್ಯಮಾಪನ ಕಾರ್ಡಿಗೆ ಬಂದ 3 ಮಕ್ಕಳಿಗೆ ನಾಲ್ಕು ನಾಲ್ಕು ನಿಮಿಷ, ಒಬ್ಬೊಬ್ಬರಿಗೇ. ಒಟ್ಟು 52. ಉಳಿದ 8 ನಿಮಿಷ ಬಿದ್ದ ಮಗುವಿಗೆ, ಮುರಿದ ಪೆನ್ಸಿಲಿಗೆ, ಬಾಗಿಲಿಗೆ ಬಂದ ಪೋಷಕರಿಗೆ.

ಈಗ ಇದು ಹೇಗೆ ಸೋರುತ್ತದೆ ನೋಡಿ. ಏಣಿ ನೋಡಿ ಮುಂದಿನ ಕಾರ್ಡ್ ತೆಗೆದುಕೊಳ್ಳಲು ಬಾರದ ಮಗು "ಮಿಸ್, ಮುಂದೆ ಯಾವ್ದು?" ಎಂದು ಎದ್ದು ಬರುತ್ತದೆ. ಇಂಥ ಒಂದು ಪ್ರಶ್ನೆಗೆ ಒಂದು ನಿಮಿಷ. 24 ಮಕ್ಕಳು ಎರಡೆರಡು ಸಲ ಬಂದರೆ 48 ನಿಮಿಷ ಹೋಯಿತು. ಕಲಿಸಲು ಉಳಿದದ್ದು 12. ನಲಿ-ಕಲಿಯಲ್ಲಿ ಮಕ್ಕಳು ಓಡಾಡುತ್ತಾರೆ, ಗದ್ದಲ ಜಾಸ್ತಿ, ಶಿಕ್ಷಕಿಗೆ ಉಸಿರಾಡಲು ಬಿಡುವಿಲ್ಲ ಎಂಬ ದೂರಿನ ಬೇರು ಬಹಳ ಸಲ ಇಲ್ಲೇ ಇರುತ್ತದೆ.

ಇದಕ್ಕೆ ಮದ್ದು ಜೂನ್ ತಿಂಗಳಲ್ಲೇ ಆಗಬೇಕು. ಹೊಸದಾಗಿ ಬಂದ 1ನೇ ತರಗತಿ ಮಕ್ಕಳಿಗೆ ಅಕ್ಷರ ಮುಟ್ಟಿಸುವ ಮೊದಲು ಎರಡು ವಾರ ಐದೇ ಚಲನೆ ಅಭ್ಯಾಸ ಮಾಡಿಸಬೇಕು: ಏಣಿಯಲ್ಲಿ ತನ್ನ ಲೋಗೋ ಮುಟ್ಟುವುದು, ಅದೇ ಲೋಗೋದ ಟ್ರೇ ಹುಡುಕುವುದು, ಸಂಖ್ಯೆ ನೋಡಿ ಕಾರ್ಡ್ ತೆಗೆಯುವುದು, ತಟ್ಟೆ ನೋಡಿ ಗುಂಪಿಗೆ ಹೋಗಿ ಕೂರುವುದು, ಮುಗಿದ ಮೇಲೆ ಕಾರ್ಡನ್ನು ಅದೇ ಟ್ರೇಗೆ ಹಿಂತಿರುಗಿಸುವುದು. ಸಂಖ್ಯೆ ಓದಲು ಬಾರದ ಮಗುವಿಗೆ ಜೊತೆಗೊಬ್ಬ 3ನೇ ತರಗತಿಯ ಅಕ್ಕ ಅಥವಾ ಅಣ್ಣ. "ಎರಡು ವಾರ ಪಾಠವೇ ಆಗಲಿಲ್ಲ" ಎಂದು ಕಳವಳಪಟ್ಟು ಇದನ್ನು ಬಿಟ್ಟವರು ಉಳಿದ ಹತ್ತು ತಿಂಗಳು ದಿನಕ್ಕೆ ಮುಕ್ಕಾಲು ಗಂಟೆ ಕಳೆದುಕೊಳ್ಳುತ್ತಾರೆ.

ಒಂದು ಮೈಲಿಗಲ್ಲಿನ ಒಳಗೆ

ನಲಿ-ಕಲಿಯಲ್ಲಿ ಅಕ್ಷರ ಅ ಆ ಇ ಈ ಎಂದು ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಕಾರಣ ಸರಳ. ಅ ಆ ಇ ಈ ಉ ಕಲಿತ ಮಗುವಿಗೆ ಓದಲು ಒಂದು ವಸ್ತುವಿನ ಹೆಸರೂ ಸಿಗುವುದಿಲ್ಲ. ರ ಗ ಸ ದ ಅ ಕಲಿತ ಮಗು ಗುಣಿತ, ಒತ್ತು ಏನೂ ಇಲ್ಲದೆ ಸರ, ರಸ, ದರ, ಅರಸ, ಅಗಸ, ಗರಗಸ ಓದುತ್ತದೆ. ಐದೇ ಅಕ್ಷರಕ್ಕೆ ಓದುಗನಾದ ಮಗು ಆರನೆಯದನ್ನು ತಾನಾಗಿ ಕೇಳುತ್ತದೆ. ಮಕ್ಕಳನ್ನು ತೊಡಗಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಬಣ್ಣದ ಚಿತ್ರಕ್ಕಿಂತ ಗಟ್ಟಿಯಾದ ಉತ್ತರ ಇದು.

ಪ್ರತಿ ಮೈಲಿಗಲ್ಲಿನಲ್ಲೂ ಪೂರ್ವಸಿದ್ಧತೆ, ಕಲಿಕೆ, ಅಭ್ಯಾಸ, ಬಳಕೆ, ಮೌಲ್ಯಮಾಪನ ಎಂಬ ಸರಣಿ ಇರುತ್ತದೆ. ಮೌಲ್ಯಮಾಪನದಲ್ಲಿ ತೊಡಕಾದವರಿಗೆ ಪರಿಹಾರ ಬೋಧನೆ, ದಾಟಿದವರಿಗೆ ಮುಂದಿನ ದಾರಿ. ಉಳಿದೆಲ್ಲವನ್ನೂ ಕಾರ್ಡ್ ಒಂದು ಮಟ್ಟಿಗೆ ನಡೆಸಿಕೊಡುತ್ತದೆ. ಮೌಲ್ಯಮಾಪನದಲ್ಲಿ ಮಾತ್ರ ಶಿಕ್ಷಕಿ ನಿರ್ಧರಿಸಲೇಬೇಕು. ತಪ್ಪು ಹೆಚ್ಚು ಆಗುವುದೂ ಅಲ್ಲೇ.

ಮೊದಲನೆಯ ತಪ್ಪು, ಅದೇ ಕಾರ್ಡ್ ತೋರಿಸಿ ಓದಿಸುವುದು. ಹತ್ತು ಸಲ ಕೈಗೆತ್ತಿಕೊಂಡ ಕಾರ್ಡಿನಲ್ಲಿ ಯಾವ ಮೂಲೆಯಲ್ಲಿ ಯಾವ ಪದ ಇದೆ ಎಂಬುದು ಮಗುವಿಗೆ ನೆನಪಿರುತ್ತದೆ. ಚಿತ್ರವೂ ಸುಳಿವು ಕೊಡುತ್ತದೆ. ಮಗು ಓದುತ್ತಿರುವುದು ಅಕ್ಷರವನ್ನಲ್ಲ, ಕಾರ್ಡನ್ನು. ಪರೀಕ್ಷಿಸಬೇಕೆಂದರೆ ಕಾರ್ಡಿನಲ್ಲಿ ಇಲ್ಲದ ಪದವನ್ನು ಹಲಗೆಯ ಮೇಲೆ ಬರೆಯಬೇಕು. ಅದರ ಜೊತೆಗೆ ಅರ್ಥವಿಲ್ಲದ ಒಂದೆರಡು ಜೋಡಣೆ, "ದಗ", "ಸದಗ"ದಂಥವು, ಇರಲಿ. ಅವನ್ನು ಊಹಿಸಿ ಹೇಳಲು ಆಗುವುದಿಲ್ಲ.

ಎರಡನೆಯ ತಪ್ಪು, ಸರಿ ಅಥವಾ ತಪ್ಪು ಎಂದಷ್ಟೇ ಗುರುತು ಹಾಕುವುದು. "ರಸ" ಎಂದು ಬರೆದದ್ದನ್ನು ಒಬ್ಬಳು "ಸರ" ಎಂದು ಓದಿದಳು, ಇನ್ನೊಬ್ಬ "ರದ" ಎಂದು ಓದಿದ ಎನ್ನೋಣ. ಇಬ್ಬರದೂ ತಪ್ಪೇ, ಆದರೆ ರೋಗ ಬೇರೆ. ಅವಳಿಗೆ ಎರಡೂ ಅಕ್ಷರ ಗೊತ್ತು. ಎಡದಿಂದ ಬಲಕ್ಕೆ ಎಂಬ ಕ್ರಮ ಕೂತಿಲ್ಲ. ಬೆರಳಿಟ್ಟು ಓದಿಸಿದರೆ, ಅಕ್ಷರ ಬರೆದ ಮಿಂಚುಪಟ್ಟಿಗಳನ್ನು ಅದಲುಬದಲು ಮಾಡಿ ಪದ ಕಟ್ಟಿಸಿದರೆ ಸರಿಹೋಗುತ್ತದೆ. ಅವನಿಗೆ ಸ ಮತ್ತು ದ ಬೇರೆ ಆಗಿಲ್ಲ. ಅವನು ಕಲಿಕೆಯ ಕಾರ್ಡಿಗೇ ಮರಳಬೇಕು. ಇಬ್ಬರಿಗೂ ಒಂದೇ ಪರಿಹಾರ ಕೊಟ್ಟರೆ ಒಬ್ಬರ ವಾರ ಹಾಳು. ಎರಡನೇ ಐದರಲ್ಲಿ ವ ಮತ್ತು ಮ ಒಟ್ಟಿಗೆ ಬರುತ್ತವೆ. ಕೈಗೆ ತಿರುವು ಹೋಲುವುದರಿಂದ ಬರೆಯಲು ಅನುಕೂಲ, ಕಣ್ಣಿಗೆ ಮಾತ್ರ ಗೊಂದಲ. ಇಲ್ಲಿ ಒಂದು ಗಟ್ಟಿಯಾಗಿ ಕೂತ ಮೇಲೆ ಇನ್ನೊಂದನ್ನು ತೆಗೆದುಕೊಳ್ಳುವುದು ಒಳ್ಳೆಯದು.

ಗಣಿತದಲ್ಲೂ ಇದೇ ಮಾತು. 42ರಲ್ಲಿ 17 ಕಳೆದು 35 ಎಂದು ಬರೆದ ಮಗುವಿಗೆ ವ್ಯವಕಲನ ಬರುವುದಿಲ್ಲ ಎನ್ನುವುದು ತಪ್ಪು. ಅದು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 7ರಲ್ಲಿ 2 ಹೋದರೆ 5, 4ರಲ್ಲಿ 1 ಹೋದರೆ 3. ಮೇಲಿನದು, ಕೆಳಗಿನದು ಎಂಬ ಭೇದ ಅದಕ್ಕಿಲ್ಲ. 27ಕ್ಕೆ 15 ಕೂಡಿಸಿ 312 ಬರೆದ ಮಗುವಿಗೂ ಕೂಡುವುದು ಗೊತ್ತು, ಸ್ಥಾನಬೆಲೆ ಗೊತ್ತಿಲ್ಲ. ಇಬ್ಬರಿಗೂ ಬೇಕಾದದ್ದು ಇನ್ನೂ ಇಪ್ಪತ್ತು ಲೆಕ್ಕವಲ್ಲ. ಹತ್ತು ಹತ್ತು ಕಡ್ಡಿಯ ಕಟ್ಟುಗಳು ಮತ್ತು ಬಿಡಿ ಕಡ್ಡಿಗಳು. 42 ಎಂದರೆ 4 ಕಟ್ಟು, 2 ಬಿಡಿ. 7 ಬಿಡಿ ತೆಗೆಯಬೇಕೆಂದರೆ ಒಂದು ಕಟ್ಟನ್ನು ಕೈಯಾರೆ ಬಿಚ್ಚಲೇಬೇಕು. ಆ ಬಿಚ್ಚುವಿಕೆಯೇ ಪಾಠ.

ದಾಟಿಸಬೇಕೋ ಬೇಡವೋ ಎಂಬುದಕ್ಕೆ ಒಂದು ಅಳತೆ ಮೊದಲೇ ಗೊತ್ತುಮಾಡಿಕೊಂಡರೆ ಮನಸ್ಸು ಮೆದುವಾದ ದಿನವೂ, ಗಡುಸಾದ ದಿನವೂ ನಿರ್ಧಾರ ಒಂದೇ ಇರುತ್ತದೆ. ಹೊಸ ಪದ 10ರಲ್ಲಿ 8 ಸರಿಯಾದರೆ ಮುಂದಕ್ಕೆ. 5ರಿಂದ 7 ಆದರೆ ಎರಡು ಅಭ್ಯಾಸ ಕಾರ್ಡ್, ಎರಡು ದಿನ ಬಿಟ್ಟು ಮತ್ತೆ. 5ಕ್ಕಿಂತ ಕಡಿಮೆಯಾದರೆ ಮೊದಲ ಗುಂಪಿಗೆ. ಕೊಡಗಿನಿಂದ ಮರಳಿದ ಮಗುವಿಗೆ ಬಿಟ್ಟ ಮೆಟ್ಟಿಲಿನಿಂದ ನೇರ ಶುರುಮಾಡದೆ, ಅದರ ಹಿಂದಿನ ಮೈಲಿಗಲ್ಲಿನ ಮೌಲ್ಯಮಾಪನ ಒಮ್ಮೆ ಮಾಡಿ ನೋಡಬೇಕು. ಏಣಿ ಕಾದಿರುತ್ತದೆ, ನೆನಪು ಕಾದಿರುವುದಿಲ್ಲ.

ಜೊತೆಗಾರರ ಗುಂಪು ಎಲ್ಲಿ ಎಡವುತ್ತದೆ

ಸಹಪಾಠಿ ಗುಂಪಿನಲ್ಲಿ ಕಲಿತ ಮಗು ಕಲಿಯುವ ಮಗುವಿಗೆ ಹೇಳಿಕೊಡಬೇಕು. ಆಗುವುದೇನೆಂದರೆ, ಬೇಗ ಬರೆಯುವವಳು ಸ್ಲೇಟು ಕಿತ್ತುಕೊಂಡು ತಾನೇ ಬರೆದುಬಿಡುತ್ತಾಳೆ. ಇಬ್ಬರಿಗೂ ಖುಷಿ, ಕಲಿಕೆ ಸೊನ್ನೆ. ಒಂದು ಸಣ್ಣ ನಿಯಮ ಸಾಕು: ಬಳಪ ಕಲಿಯುವವರ ಕೈಯಲ್ಲೇ ಇರಬೇಕು, ಹೇಳಿಕೊಡುವವರು ಬೆರಳಿನಿಂದ ತೋರಿಸಬಹುದು, ಬಾಯಲ್ಲಿ ಕೇಳಬಹುದು. ಇನ್ನೊಂದು, ಆ ಮೈಲಿಗಲ್ಲನ್ನು ಇತ್ತೀಚೆಗೆ ದಾಟಿದವರನ್ನೇ ಜೊತೆ ಕೂರಿಸಬೇಕು. ಬಹಳ ಮುಂದೆ ಹೋದವರಿಗೆ ತಾವು ಎಲ್ಲಿ ತಡವರಿಸಿದ್ದೆವು ಎಂಬುದು ಮರೆತಿರುತ್ತದೆ, ತಾಳ್ಮೆಯೂ ಕಡಿಮೆ. ಒಬ್ಬರನ್ನೇ ದಿನವೂ ಹೇಳಿಕೊಡಲು ಕೂರಿಸಿದರೆ ಅವರ ಏಣಿ ನಿಲ್ಲುತ್ತದೆ. ವಾರಕ್ಕೆ ಎರಡು ದಿನ ಮೀರದಿರಲಿ. ತಮ್ಮ ಮಗಳು ಮುಂದೆ ಹೋಗುತ್ತಿಲ್ಲ ಎಂದು ತಾಯಿ ಬಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಇನ್ನೊಂದು ತೊಡಕು, ಏಳೆಂಟು ಮಕ್ಕಳು ಒಂದೇ ಮೆಟ್ಟಿಲಿನಲ್ಲಿ ಗುಂಪುಗೂಡುವುದು. ಗುಣಿತಾಕ್ಷರ, ಒತ್ತಕ್ಷರ, ದಶಕ ಬಿಡಿಸುವ ವ್ಯವಕಲನ ಇದಕ್ಕೆ ಹೆಸರಾದ ಜಾಗಗಳು. ಕಾರ್ಡ್ ಒಂದೇ ಪ್ರತಿ ಇದ್ದರೆ ಸರದಿ ನಿಲ್ಲುತ್ತದೆ. ಅಲ್ಲಿಯ ಕಾರ್ಡನ್ನು ಕೈಯಲ್ಲಿ ಬರೆದಾದರೂ ಮೂರು ಪ್ರತಿ ಮಾಡಿಟ್ಟುಕೊಳ್ಳಬೇಕು. ಅಷ್ಟೂ ಮಕ್ಕಳು ಅಲ್ಲೇ ನಿಂತರೆ ಮೆಟ್ಟಿಲೇ ಎತ್ತರವಾಗಿದೆ ಎಂದು ತಿಳಿದು, ನಡುವೆ ಒಂದು ಗಿಡ್ಡ ಮೆಟ್ಟಿಲು ಕಟ್ಟಬೇಕು: ಒತ್ತಕ್ಷರದಲ್ಲಿ ಮೊದಲು ಅಕ್ಕ, ಅಪ್ಪ, ಅಮ್ಮ, ಹಗ್ಗದಂಥ ಸಜಾತಿ ಒತ್ತು ಮಾತ್ರ, ವಿಜಾತಿ ಆಮೇಲೆ.

ಗದ್ದಲವಲ್ಲ, ಕಾಯುವಿಕೆ

ಮಕ್ಕಳು ತೊಡಗಿದ್ದಾರೆಯೇ ಎಂದು ನೋಡಲು ಬಂದವರು ಕಿವಿಗೊಟ್ಟು ಹೋಗುತ್ತಾರೆ. ಗದ್ದಲವಿದ್ದರೆ ಒಬ್ಬರಿಗೆ ಖುಷಿ, ಇನ್ನೊಬ್ಬರಿಗೆ ಸಿಟ್ಟು. ಎರಡೂ ಸರಿಯಾದ ಅಳತೆಯಲ್ಲ. ಬೇರೊಬ್ಬ ಶಿಕ್ಷಕರನ್ನೋ ಸಿ.ಆರ್.ಪಿ.ಯವರನ್ನೋ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲೆಯಲ್ಲಿ ಕೂರಿಸಿ, ಹತ್ತು ನಿಮಿಷಕ್ಕೊಮ್ಮೆ ಕೊಠಡಿಯತ್ತ ಕಣ್ಣಾಡಿಸಿ ಪ್ರತಿ ಮಗುವಿಗೂ ಮೂರರಲ್ಲಿ ಒಂದು ಗುರುತು ಹಾಕಲು ಹೇಳಿ: ಕೆಲಸದಲ್ಲಿದೆ, ಕಾಯುತ್ತಿದೆ, ಅಲೆಯುತ್ತಿದೆ. 60 ನಿಮಿಷಕ್ಕೆ 6 ನೋಟ, 24 ಮಕ್ಕಳಿಗೆ 144 ಗುರುತು. ಕಾಯುವ ಗುರುತು ಐದರಲ್ಲಿ ಒಂದನ್ನು ಮೀರಿದರೆ ಮಕ್ಕಳನ್ನು ಗದರಬೇಡಿ, ಕಾರ್ಡಿನ ಪ್ರತಿ ಎಣಿಸಿ, ಗುಂಪಿನ ಗಾತ್ರ ನೋಡಿ, ಯಾವ ಮೆಟ್ಟಿಲಿನಲ್ಲಿ ಸರದಿ ನಿಂತಿದೆ ಹುಡುಕಿ. ಅಲೆದಾಟ ಬಹುಪಾಲು ಹತ್ತು ನಿಮಿಷದ ಹಿಂದಿನ ಕಾಯುವಿಕೆಯ ಮುಂದುವರಿಕೆ.

ಟ್ಯಾಬ್ಲೆಟ್ ಬಂದರೆ ಇದೆಲ್ಲ ಮುಗಿಯಿತು ಎನ್ನುವವರಿಗೆ ಒಂದು ಮಾತು. ಕಂಪ್ಯೂಟರ್ ಪ್ರತಿ ಮಗುವಿನ ಮಟ್ಟಕ್ಕೆ ತಕ್ಕ ಪ್ರಶ್ನೆ ಕೊಡುವ ಮೈಂಡ್‌ಸ್ಪಾರ್ಕ್ ಎಂಬ ವ್ಯವಸ್ಥೆಯ ಮೇಲೆ ದೆಹಲಿಯಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನ ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಒಳ್ಳೆಯ ಫಲ ತೋರಿಸಿತು. ಆದರೆ ಅಲ್ಲಿನ 90 ನಿಮಿಷದಲ್ಲಿ ಪರದೆಯ ಮುಂದಿನದು 45 ಮಾತ್ರ. ಉಳಿದ 45 ನಿಮಿಷ ಸಣ್ಣ ಗುಂಪಿಗೆ ಒಬ್ಬ ಮನುಷ್ಯ ಕೂತು ಹೇಳಿಕೊಡುತ್ತಿದ್ದ.

ದೊಡ್ಡದಾದಾಗ ಸಡಿಲವಾದದ್ದು

ಹೆಗ್ಗಡದೇವನಕೋಟೆಯ ಶಿಕ್ಷಕರು ಕಾರ್ಡ್ ಬರೆದವರು. ಯಾವ ಕಾರ್ಡ್ ಯಾಕೆ ಅಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು, ಬೇಡವಾದರೆ ತೆಗೆಯುವ ಧೈರ್ಯವೂ ಇತ್ತು. ರಾಜ್ಯಕ್ಕೆಲ್ಲ ಹರಡಿದಾಗ ಕಾರ್ಡ್ ಅಚ್ಚಾಗಿ ಬಂತು, ಜೊತೆಗೆ ತರಬೇತಿ ಬಂತು. ಕಾರ್ಡಿನ ಕಾರಣ ಎಲ್ಲರನ್ನೂ ತಲುಪಲಿಲ್ಲ. ಕಾರಣ ಗೊತ್ತಿಲ್ಲದವರು ಕಾರ್ಡನ್ನು ಬಿಡಿಬಿಡಿ ಪಠ್ಯಪುಸ್ತಕದಂತೆ ಕ್ರಮವಾಗಿ ಎಲ್ಲರಿಗೂ ಒಟ್ಟಿಗೇ ಮಾಡಿಸುತ್ತಾರೆ. ಅದಕ್ಕಿಂತ ಹೆಚ್ಚು ಹಾನಿ ಮಾಡುವುದು "ಈ ತಿಂಗಳ ಕೊನೆಗೆ ಎಷ್ಟನೇ ಮೈಲಿಗಲ್ಲು?" ಎಂದು ಇಡೀ ತರಗತಿಗೆ ಒಂದೇ ಸಂಖ್ಯೆ ಕೇಳುವ ಮೇಲ್ವಿಚಾರಣೆ. ಈ ಪ್ರಶ್ನೆ ಬಂದ ಕೂಡಲೇ ಪ್ರಗತಿ ನೋಟದಲ್ಲಿ ಗುರುತುಗಳು ಒಂದೇ ಎತ್ತರಕ್ಕೆ ಏರುತ್ತವೆ. 24 ಮಕ್ಕಳ ಪ್ರಗತಿ ನೋಟ ಒಂದೇ ಗೆರೆಯಲ್ಲಿ ಸಾಗಿದ್ದರೆ ಅದು ಶಿಸ್ತಿನ ಗುರುತಲ್ಲ. ಅಲ್ಲಿ ಯಾರ ಕಲಿಕೆಯೂ ದಾಖಲಾಗಿಲ್ಲ. ಕೇಳಬೇಕಾದದ್ದು ಬೇರೆ: ಕಳೆದ ಎರಡು ವಾರ ಒಂದೂ ಮೆಟ್ಟಿಲು ಏರದವರು ಯಾರು, ಅವರಿಗೆ ಏನು ಮಾಡಿದಿರಿ?

ಮನೆಯವರ ದೂರನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. "ಒಂದು ವರ್ಷ ಆಯ್ತು, ನಮ್ ಹುಡುಗುಂಗೆ ಇನ್ನೂ ಅ ಆ ಇ ಈ ಹೇಳಕ್ಕೆ ಬರಲ್ಲ, ಬರೀ ಆಟ" ಎನ್ನುವ ತಂದೆಗೆ ಸಿದ್ಧಾಂತ ವಿವರಿಸಿ ಫಲವಿಲ್ಲ. ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ದಿನ ಮಗುವನ್ನೇ ಕರೆದು, ತಂದೆ ಹೇಳಿದ ಪದವನ್ನು ಹಲಗೆಯ ಮೇಲೆ ಬರೆಯಿಸಿ. ವರ್ಣಮಾಲೆಯ ಕ್ರಮ ನಿಘಂಟು ನೋಡಲು ಬೇಕೇ ಬೇಕು; ಎಲ್ಲ ಅಕ್ಷರ ಬಂದ ಮೇಲೆ ಅದನ್ನು ಹಾಡಾಗಿ ಕಲಿಸಿದರೆ ವಾರದ ಕೆಲಸ.

ಉಳಿದದ್ದು 4ನೇ ತರಗತಿ. ನೆಲದ ಚಾಪೆ, ದುಂಡುಮೇಜು, ಕಾರ್ಡ್ ಬಿಟ್ಟು ಮಗು ಒಮ್ಮೆಲೇ ಪಠ್ಯಪುಸ್ತಕ, ಸಾಲುಬೆಂಚು, ಒಂದೇ ವೇಗದ ಕೊಠಡಿಗೆ ಹೋಗುತ್ತದೆ. 3ನೇ ತರಗತಿಯ ಏಣಿಯಲ್ಲಿ ಇನ್ನೂ ಮೆಟ್ಟಿಲು ಉಳಿದಿರುವ ಮಗುವಿಗೆ ಅಲ್ಲಿ ಯಾರೂ ಏಣಿ ಇಟ್ಟಿರುವುದಿಲ್ಲ. ಇದನ್ನು ಶಾಲೆಯೇ ಸರಿಮಾಡಬಹುದು. ಜನವರಿಯಿಂದ 3ನೇ ತರಗತಿಯವರಿಗೆ ವಾರಕ್ಕೆ ಎರಡು ಅವಧಿ ಪುಟ ತೆರೆದು ಮೌನವಾಗಿ ಓದಿ, ಪ್ರಶ್ನೆಗೆ ಪೂರ್ಣ ವಾಕ್ಯದಲ್ಲಿ ಉತ್ತರ ಬರೆಯುವ ಅಭ್ಯಾಸ ಕೊಡಬೇಕು. ಮಾರ್ಚಿ ಕೊನೆಗೆ ಪ್ರಗತಿ ನೋಟದಿಂದ ಪ್ರತಿ ಮಗುವಿಗೆ ಮೂರು ಸಾಲಿನ ಚೀಟಿ ಬರೆದು 4ನೇ ತರಗತಿಯ ಶಿಕ್ಷಕರ ಕೈಗೆ ಕೊಡಬೇಕು: ಯಾವ ಮೈಲಿಗಲ್ಲಿನಲ್ಲಿ ನಿಂತಿದೆ, ಯಾವ ಬಗೆಯ ತಪ್ಪು ಮಾಡುತ್ತದೆ, ಯಾರ ಜೊತೆ ಕೂತರೆ ಕೆಲಸ ಮಾಡುತ್ತದೆ. ಹಿಂದೆ ಉಳಿದ ನಾಲ್ಕೈದು ಮಕ್ಕಳಿಗಾಗಿ ಅವರ ಏಣಿಯ ಕಾರ್ಡ್‌ಗಳ ಒಂದು ಡಬ್ಬಿಯೂ ಅದೇ ದಿನ ಆ ಕೊಠಡಿಗೆ ಹೋಗಲಿ. ಜೂನ್ ಮತ್ತು ಜುಲೈನಲ್ಲಿ ಬೆಳಗಿನ ಮೊದಲ 40 ನಿಮಿಷ ಆ ಡಬ್ಬಿಗೆ.